ಊರಲ್ಲಿ ಡೈವೋರ್ಸ್, ಇಂಗ್ಲೆಂಡಲ್ಲಿ ಪೆನ್ಷನ್: ಹೊಸಬರು ತಿಳಿದಿರಬೇಕಾದ್ದು

ಹಾಸನ, ಚಿಕ್ಕಮಗಳೂರು ಕಡೆಯಿಂದ ಇಂಗ್ಲೆಂಡಿಗೆ ಬಂದವರ ಸಂಸಾರ ಮುರಿದಾಗ ಮನೆಯವರು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: "ಊರಿಗೆ ಬನ್ನಿ, ಇಬ್ಬರೂ ಒಪ್ಪಿ ಸಹಿ ಹಾಕಿ, ಹಾಸನದ ಕೋರ್ಟಲ್ಲೇ ಮುಗಿಸಿಬಿಡಿ." ಡೈವೋರ್ಸ್ ಅಲ್ಲಿ ಸಿಗುತ್ತದೆ. ಇಲ್ಲಿನ ಪೆನ್ಷನ್‌ನಲ್ಲಿ ಪಾಲು ಸಿಗುವುದಿಲ್ಲ. "ಅರ್ಧ ಪೆನ್ಷನ್ ಹೆಂಡತಿಗೆ" ಎಂದು ಡಿಕ್ರಿಯಲ್ಲಿ ಬರೆಸಿಕೊಂಡು ಬಂದರೂ ಇಲ್ಲಿನ ಪೆನ್ಷನ್ ಸ್ಕೀಮ್‌ನವರು ಅದನ್ನು ಜಾರಿ ಮಾಡುವುದಿಲ್ಲ. ಅವರಿಗೆ ಬೇಕಿರುವುದು ಇಲ್ಲಿನ ಕೋರ್ಟಿನ ಪೆನ್ಷನ್ ಶೇರಿಂಗ್ ಆರ್ಡರ್, ಅಂದರೆ ಪೆನ್ಷನ್ ಹಂಚಿಕೊಡುವ ಆದೇಶ.

ಆದ್ದರಿಂದ ಸಾಧ್ಯವಿದ್ದರೆ ಅರ್ಜಿಯನ್ನೇ ಇಲ್ಲಿ ಹಾಕಿ. ಊರಲ್ಲಿ ಈಗಾಗಲೇ ಮುಗಿದುಹೋಗಿದ್ದರೆ ಇಲ್ಲಿನ 1984ರ ಮ್ಯಾಟ್ರಿಮೋನಿಯಲ್ ಅಂಡ್ ಫ್ಯಾಮಿಲಿ ಪ್ರೊಸೀಡಿಂಗ್ಸ್ ಕಾಯ್ದೆಯ ಮೂರನೇ ಭಾಗದ ಕೆಳಗೆ ಇಲ್ಲಿನ ಕೋರ್ಟಲ್ಲಿ ಪಾಲು ಕೇಳಬಹುದು. ಅದಕ್ಕೆ ಮೊದಲು ಕೋರ್ಟಿನ ಅನುಮತಿ ಬೇಕು. ಊರಿನ ಡಿಕ್ರಿಯ ಸರ್ಟಿಫೈಡ್ ಕಾಪಿ ತರಿಸಿ, ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಮಾಡಿಸಿ. ಡಿಕ್ರಿಯಲ್ಲಿ "ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್" ಎಂಬ ಸಾಲಿದ್ದರೆ ಕೋರ್ಟು ಅದನ್ನೂ ತೂಗಿ ನೋಡುತ್ತದೆ. ಓದದೆ ಸಹಿ ಹಾಕಬೇಡಿ. ಪಾಲು ಕೇಳಬೇಕಾದವರು ಅರ್ಜಿಗೆ ಮೊದಲೇ ಮರುಮದುವೆಯಾದರಂತೂ ಹಕ್ಕೇ ಹೋಯಿತು.

ಇನ್ನು ಬೆಲೆಯ ವಿಷಯ. ಪೆನ್ಷನ್ನಿನ ಇಂದಿನ ಮೌಲ್ಯಕ್ಕೆ ಸ್ಕೀಮ್‌ನವರು ಸಿಇಟಿವಿ (ಕ್ಯಾಶ್ ಇಕ್ವಿವಲೆಂಟ್ ಟ್ರಾನ್ಸ್‌ಫರ್ ವ್ಯಾಲ್ಯೂ) ಎಂಬ ಅಂಕಿ ಕೊಡುತ್ತಾರೆ. ಹೆಚ್ಚಿನವರು ಎಡವುವುದು ಇಲ್ಲೇ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಡಾಕ್ಟರೊಬ್ಬರ ಪೆನ್ಷನ್ನಿನ ಸಿಇಟಿವಿ 2 ಲಕ್ಷ ಪೌಂಡ್, ಖಾಸಗಿ ಪೆನ್ಷನ್ ಖಾತೆಯಲ್ಲೂ 2 ಲಕ್ಷ ಪೌಂಡ್ ಎಂದಿಟ್ಟುಕೊಳ್ಳಿ. ಕಾಗದದಲ್ಲಿ ಎರಡೂ ಒಂದೇ. ಮೊದಲನೆಯದು ಬದುಕಿರುವವರೆಗೂ, ಬೆಲೆಯೇರಿಕೆಯ ಜೊತೆ ಏರುತ್ತಾ ಬರುವ ಆದಾಯ. ಎರಡನೆಯದು ಖರ್ಚಾದಂತೆ ಕರಗುವ ಗಂಟು. "ಮೂಡಿಗೆರೆ ತೋಟದಲ್ಲಿ ಪಾಲು ಬರೆದುಕೊಡ್ತೀನಿ, ಪೆನ್ಷನ್ ಕೇಳಬೇಡ" ಎಂಬ ಮಾತು ಬಂದರೆ ಪೆನ್ಷನ್ನಿನ ಮೌಲ್ಯ ಲೆಕ್ಕ ಹಾಕುವ ತಜ್ಞ ಆಕ್ಚುವರಿಯ ವರದಿ ಕೈಗೆ ಬರುವವರೆಗೆ ಒಪ್ಪಲೇಬೇಡಿ. ವರದಿಯ ಖರ್ಚು ದೊಡ್ಡದೆನಿಸುತ್ತದೆ, ಆದರೂ ಮಾಡಿಸಿ.

ಆರ್ಡರ್‌ನ ಜೊತೆ ಪಿ1 ಎಂಬ ಅನೆಕ್ಸ್ (ಲಗತ್ತಿಸುವ ಫಾರ್ಮ್) ಇರುತ್ತದೆ, ಸ್ಕೀಮಿಗೊಂದು. ಪಾಲನ್ನು ಶೇಕಡಾ ಲೆಕ್ಕದಲ್ಲೇ ಬರೆಯಬೇಕು, ಪೌಂಡ್‌ಗಳಲ್ಲಿ ಅಲ್ಲ. ಎನ್‌ಎಚ್‌ಎಸ್‌ನ ಹಳೆಯ 1995ರ ಸ್ಕೀಮ್ ಬೇರೆ, 2015ರದು ಬೇರೆ. ಎರಡರಲ್ಲೂ ಸೇವೆಯಿದ್ದರೆ ಎರಡನ್ನೂ ಕೇಳಿ. ಸ್ಕೀಮ್‌ನವರಿಗೆ ಜಾರಿ ಮಾಡಲು 4 ತಿಂಗಳ ಗಡುವಿದೆ, ಆದರೆ ಕಾಗದಪತ್ರವೆಲ್ಲ ತಲುಪಿದ ಮೇಲಷ್ಟೇ ಅದು ಶುರು. ಒಂದು ಕಾಗದ ಬಾಕಿಯಿದ್ದರೂ ಫೈಲು ಹಾಗೇ ಕೂತಿರುತ್ತದೆ.

ಇಲ್ಲಿ ಡೈವೋರ್ಸ್ ಹಾಕಿದವರು ಹಣಕಾಸಿನ ಆರ್ಡರ್ ಆಗುವ ಮುಂಚೆ ಮದುವೆಯನ್ನು ಪೂರ್ತಿ ಕೊನೆಗೊಳಿಸುವ ಫೈನಲ್ ಆರ್ಡರ್‌ಗೆ ಅವಸರಪಡಬೇಡಿ. ನಡುವೆ ಪೆನ್ಷನ್‌ದಾರರು ತೀರಿಕೊಂಡರೆ ವಿಧವಾ ಪಿಂಚಣಿಯೂ ಇಲ್ಲ, ಪಾಲೂ ಇಲ್ಲ.

ಸರ್ಕಾರಿ ಸ್ಟೇಟ್ ಪೆನ್ಷನ್ ಬಗ್ಗೆ ಹೆಚ್ಚು ಆಸೆ ಬೇಡ: ಹೊಸ ಪದ್ಧತಿಯಲ್ಲಿ ಪ್ರೊಟೆಕ್ಟೆಡ್ ಪೇಮೆಂಟ್ ಎಂಬ ಹೆಚ್ಚುವರಿ ಭಾಗ ಬಿಟ್ಟರೆ ಉಳಿದದ್ದು ಪಾಲಾಗುವುದಿಲ್ಲ. ಆ ಭಾಗದ ಬೆಲೆ ತಿಳಿಯಲು ಬಿಆರ್20 ಫಾರ್ಮ್ ತುಂಬಿ ಕಳಿಸಿ.