ಕೆಜಿಎಫ್ ನೋಡಬೇಕೆಂದರೆ ಮಾರಿಕುಪ್ಪಂ ರೈಲು ಹತ್ತಿ

ನಾನು ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಯಲ್ಲಿ. ಅಪ್ಪ ಇಪ್ಪತ್ತಾರು ವರ್ಷ ಗಣಿಗೆ ಇಳಿದು ಹತ್ತಿದವರು. ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿ ನೋಡಲು ಹೊರಟವರಿಗೆಲ್ಲ ನಾನು ಮೊದಲು ಹೇಳುವ ಮಾತು ಒಂದೇ: ಗಣಿಯೊಳಗೆ ಇಳಿಯುವ ಆಸೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಗಣಿಗೆ ಇಳಿಯುವ ಬಾವಿಗಳಾದ ಶಾಫ್ಟ್‌ಗಳ ಹತ್ತಿರ ಕಾವಲಿದೆ. ಬೇಡವೆಂದರೆ ವಾದಕ್ಕಿಳಿಯದೆ ಹಿಂದಿರುಗಿ. ನೆಲದ ಮೇಲೆಯೇ ನೋಡುವುದು ಬೇಕಾದಷ್ಟಿದೆ.

ಕಾರಿಗಿಂತ ರೈಲು ಒಳ್ಳೆಯದು. ಗಣಿ ಮುಚ್ಚಿದ ಮೇಲೆ ಊರಿನ ಸಾವಿರಾರು ಜನ ನಸುಕಿನಲ್ಲೇ ಎದ್ದು ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ನೀವು ಬೆಳಿಗ್ಗೆ ಅವರಿಗೆ ಎದುರಾಗಿ ಹೋಗುವುದರಿಂದ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ಬಂಗಾರಪೇಟೆ ದಾಟಿದರೆ ಬೆಮಲ್ ನಗರ, ಕೋರಮಂಡಲ್, ಉರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಚಾಂಪಿಯನ್‌ನಲ್ಲಿ ಇಳಿಯಿರಿ.

ದಾರಿಯುದ್ದಕ್ಕೂ ಕಾಣುವ ಬೂದು ಬೆಟ್ಟಗಳು ಬೆಟ್ಟಗಳಲ್ಲ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಅದು. ನಾವು ಸೈನೈಡ್ ಗುಡ್ಡ ಎನ್ನುತ್ತೇವೆ. ಫೋಟೊ ತೆಗೆಸಿಕೊಳ್ಳಲು ಅವುಗಳ ಮೇಲೆ ಹತ್ತುವವರಿದ್ದಾರೆ, ದಯವಿಟ್ಟು ಹತ್ತಬೇಡಿ. ಗಾಳಿಯ ತಿಂಗಳುಗಳಲ್ಲಿ ಅಮ್ಮ ಹಳೆಯ ಸೀರೆಯನ್ನು ನೀರಿನಲ್ಲಿ ಅದ್ದಿ ಕಿಟಕಿಗೆ ಕಟ್ಟುತ್ತಿದ್ದಳು. ಸಂಜೆಗೆ ಸೀರೆ ಒಣಗಿ ರಟ್ಟಿನಂತಾಗಿರುತ್ತಿತ್ತು, ಆದರೂ ಅನ್ನದಲ್ಲಿ ಧೂಳು ಹಲ್ಲಿಗೆ ಸಿಗುತ್ತಿತ್ತು. ಮಳೆ ನಿಂತ ಮೇಲೆ, ಧೂಳು ಅಡಗಿರುವಾಗ ಬರುವುದು ಉತ್ತಮ.

ಲೈನ್ ಮನೆಗಳ ನಡುವೆ ನಿಧಾನವಾಗಿ ನಡೆಯಿರಿ. ಅಲ್ಲಿ ಇಂದಿಗೂ ಸಂಸಾರಗಳಿವೆ, ಆದ್ದರಿಂದ ಕೇಳದೆ ಯಾರ ಬಾಗಿಲಿನ ಫೋಟೊವನ್ನೂ ತೆಗೆಯಬೇಡಿ. ಅಲ್ಲಿ ನಿಂತಾಗ ಕಾಲಡಿಯ ಆಳವನ್ನು ನೆನೆಯಿರಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಕೆಳಗೆ ಹೋಗಿತ್ತು. ತಳದ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡಕ್ಕೆ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಹಲಗೆಯಲ್ಲಿ ಸ್ಟೀಲ್ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. ಅಮ್ಮ ಒಲೆ ಆರಿಸಿ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು, ಅಪ್ಪ ತಿರುವಿನಲ್ಲಿ ಕಾಣಿಸುವವರೆಗೂ ನಿಂತೇ ಇರುತ್ತಿದ್ದಳು.

ಈ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿಗೆ ಅದು ಬಂದದ್ದು ಆಮೇಲೆ. 1965ರಲ್ಲಿ ಇದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್‌ನವರ ಜೊತೆಗೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಪತ್ತೆ ಹಚ್ಚಿದರು. ಇಷ್ಟು ದೊಡ್ಡ ಸಂಗತಿ ನಮ್ಮ ಶಾಲೆಯಲ್ಲಿ ಒಬ್ಬರೂ ಹೇಳಿಕೊಡಲಿಲ್ಲವೆಂಬ ನೋವು ನನಗೆ ಇನ್ನೂ ಇದೆ.

ಊಟಕ್ಕೆ ರಾಬರ್ಟ್‌ಸನ್‌ಪೇಟೆಗೆ ಹೋಗಿ. ಸಮಯವಿದ್ದರೆ ಆಟೊದಲ್ಲಿ ಕಮ್ಮಸಂದ್ರದ ಕೋಟಿಲಿಂಗೇಶ್ವರ, ಇಲ್ಲವೇ ಊರಿಗೆ ನೀರು ಕೊಟ್ಟ ಬೇತಮಂಗಲದ ಕೆರೆ; ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದರೆ ನನ್ನ ಮತ ಕೆರೆಗೆ. ವಾಪಸು ಬರುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನಿ. ಅಲ್ಲಿನ ಪಾನಿ ಕುಡಿಯುವ ನೀರಿನಷ್ಟೇ ತಿಳಿ, ಖಾರ ಮಾತ್ರ ನೆತ್ತಿಗೇರುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ರಾಬರ್ಟ್‌ಸನ್‌ಪೇಟೆಯ ಯಾವುದಾದರೂ ಚಹಾ ಅಂಗಡಿಯಲ್ಲಿ ವಯಸ್ಸಾದವರ ಪಕ್ಕ ಕುಳಿತುಕೊಳ್ಳಿ. ಹೆಚ್ಚಿನವರ ಮನೆಮಾತು ತಮಿಳು ಅಥವಾ ತೆಲುಗು, ಕನ್ನಡಕ್ಕೂ ಕೊರತೆಯಿಲ್ಲ. ಎಷ್ಟು ಚಿನ್ನ ಸಿಗುತ್ತಿತ್ತು ಎಂದು ಕೇಳಬೇಡಿ, ಆ ಪ್ರಶ್ನೆ ಕೇಳಿ ಕೇಳಿ ಅವರಿಗೆ ಸಾಕಾಗಿದೆ. "ಯಾವ ಶಾಫ್ಟ್‌ನಲ್ಲಿ ಇದ್ದಿರಿ?" ಎಂದು ಕೇಳಿ. ಕಳೆದ ಸಲ ಹೀಗೆ ಕೇಳಿದಾಗ ಹಿರಿಯರೊಬ್ಬರು ಲೋಟವನ್ನು ಬದಿಗಿಟ್ಟರು. ಚೆಲ್ಲಿದ ಚಹಾದಲ್ಲಿ ಬೆರಳು ಅದ್ದಿ ಮೇಜಿನ ಮೇಲೆ ಉದ್ದ ಗೆರೆ ಎಳೆಯುತ್ತಾ, ಒಂದೊಂದು ಲೆವೆಲ್‌ಗೆ, ಅಂದರೆ ಗಣಿಯ ಒಂದೊಂದು ಅಂತಸ್ತಿಗೆ, ಒಂದೊಂದು ಅಡ್ಡಗೆರೆ ಹಾಕುತ್ತಾ ಬಂದರು. ಗೆರೆ ಮೇಜಿನ ಅಂಚಿಗೆ ಮುಟ್ಟಿತು. ಅವರು ಕೆಲಸ ಮಾಡಿದ ಲೆವೆಲ್ ಇನ್ನೂ ಬಂದಿರಲಿಲ್ಲ.