ಗಿಲಾವಿಗೆ ಯಾವ ಸಿಮೆಂಟ್, ಸ್ಲ್ಯಾಬಿಗೆ ಯಾವುದು?

ಹುಬ್ಬಳ್ಳಿ-ಧಾರವಾಡದ ಕಡೆ ಮನೆ ಕಟ್ಟಿಸುವವರು ‘53 ಗ್ರೇಡ್ ಎಂದರೆ ಗಟ್ಟಿ’ ಎಂದು ಬುನಾದಿಯಿಂದ ಗಿಲಾವಿನವರೆಗೆ ಅದನ್ನೇ ತರಿಸುವುದುಂಟು. 53 ಎಂಬುದು 28 ದಿನಗಳ ಪರೀಕ್ಷೆಯಲ್ಲಿ ಆ ಸಿಮೆಂಟಿನ ಗಾರೆ ತಾಳಬೇಕಾದ ಒತ್ತಡವನ್ನು ಮೆಗಾಪಾಸ್ಕಲ್‌ಗಳಲ್ಲಿ ಹೇಳುವ ಸಂಖ್ಯೆ. ಬೇಗ ಬಲ ಬರಬೇಕಾದ ಕಾಲಮ್, ಸ್ಲ್ಯಾಬುಗಳಿಗೆ ಅದು ಸರಿ, ಆದರೆ ಗಿಲಾವಿಗೆ ಬಳಸಿದರೆ ಕೂದಲೆಳೆಯಂಥ ಬಿರುಕುಗಳು ಮೂಡುವ ಸಂಭವ ಹೆಚ್ಚು.

ಇಟ್ಟಿಗೆ ಕಟ್ಟಲು, ಗಿಲಾವು ಮಾಡಲು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟೇ ಒಳ್ಳೆಯದು. ಅದು ನಿಧಾನವಾಗಿ ಬಲ ಪಡೆಯುವುದರಿಂದ ನೀರುಣಿಸುವ ಕೆಲಸದಲ್ಲಿ ಅವಸರ ಸಲ್ಲದು. ನಮ್ಮ ಹಿತ್ತಿಲ ಗೋಡೆಗೆ ಏಪ್ರಿಲ್ ಬಿಸಿಲಿನಲ್ಲಿ ಗವಂಡಿ ನಾಲ್ಕೇ ದಿನ ನೀರು ಹೊಡೆದು ನಿಲ್ಲಿಸಿದ್ದರಿಂದ ಇಂದಿಗೂ ಉಗುರಿನಿಂದ ಕೆರೆದರೆ ಉಸುಕು ಉದುರುತ್ತದೆ. ಬೇಸಿಗೆಯಲ್ಲಿ ಹದಿನಾಲ್ಕು ದಿನ ತೇವ ಆರದಂತೆ ನೋಡಿಕೊಳ್ಳಬೇಕು.

ನೆಲದ ನೀರು ಸವಳಾಗಿದ್ದಲ್ಲಿ ಬುನಾದಿಗೆ ಕಬ್ಬಿಣದ ಕಿಟ್ಟ ಬೆರೆತ ಪಿಎಸ್‌ಸಿ ಸಿಮೆಂಟನ್ನು ವಿಚಾರಿಸಿ. ಎರೆಮಣ್ಣು ಉಬ್ಬಿ ಕುಗ್ಗುವುದಕ್ಕೆ ಮಾತ್ರ ಯಾವ ಸಿಮೆಂಟೂ ಮದ್ದಲ್ಲ, ಅದನ್ನು ಬುನಾದಿಯ ವಿನ್ಯಾಸದಲ್ಲೇ ಸರಿಪಡಿಸಬೇಕು.

ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ಮೀರಿದ್ದರೆ ಮರಳಿ ಕಳಿಸಿ.