ತೂಕದ ಯಂತ್ರದಿಂದ ನೇರವಾಗಿ ಬಿಲ್ಲಿಗೆ: ಅಡಿಕೆ ಮಂಡಿಯಲ್ಲಿ ನನ್ನ ಅನುಭವ

ಅಡಿಕೆ ಕ್ವಿಂಟಲಿಗೆ 50,000 ರೂಪಾಯಿ ಇದ್ದಾಗ ಒಂದು ಕಿಲೋ ತಪ್ಪಿದರೆ ಬೆಳೆಗಾರನ ಕೈಯಿಂದ 500 ರೂಪಾಯಿ ಹೋದಂತೆ. ಶಿವಮೊಗ್ಗದ ಮಂಡಿಯೊಂದರಲ್ಲಿ ಯಂತ್ರ ತೋರಿಸಿದ ತೂಕವನ್ನು ಒಬ್ಬರು ಕೂಗಿ ಹೇಳುತ್ತಿದ್ದರು, ಗುಮಾಸ್ತರು ಚೀಟಿಯಲ್ಲಿ ಬರೆಯುತ್ತಿದ್ದರು, ಆಮೇಲೆ ಅದನ್ನು ಕಂಪ್ಯೂಟರಿಗೆ ಹಾಕುತ್ತಿದ್ದರು. ಸುಗ್ಗಿಯ ಗದ್ದಲದಲ್ಲಿ ಆರು ಒಂಬತ್ತಾಗಲು ಎಷ್ಟು ಹೊತ್ತು? ನಡುವಿನ ಈ ಕೈಗಳನ್ನು ತಪ್ಪಿಸಿ, ತೂಕವನ್ನು ನೇರವಾಗಿ ಬ್ರೌಸರಿನಲ್ಲಿರುವ ಬಿಲ್ಲಿಗೆ ತರಬೇಕೆಂಬುದು ನಾನು ಒಪ್ಪಿಕೊಂಡ ಕೆಲಸ.

ಯಂತ್ರದ ಮೇಲೆ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಅದನ್ನು ಮುಟ್ಟುವಂತಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಆರ್‌ಎಸ್-232 ಪೋರ್ಟ್, ಅಂದರೆ ಅಂಕಿಗಳನ್ನು ತಂತಿಯ ಮೂಲಕ ಹೊರಗೆ ಕಳಿಸುವ ಸೀರಿಯಲ್ ಕಿಂಡಿ ಇತ್ತು. ಕೈಪಿಡಿ ಎಲ್ಲೋ ಕಳೆದುಹೋಗಿತ್ತು. ಇಂಥ ಹೊತ್ತಿನಲ್ಲಿ ನಾನು ಮೊದಲು ಕೈಗೆತ್ತಿಕೊಳ್ಳುವುದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ಅದರ ಕಪ್ಪು ಕಡ್ಡಿಯನ್ನು ಐದನೇ ಪಿನ್ನಿಗೆ, ಅಂದರೆ ಗ್ರೌಂಡಿಗೆ ಹಿಡಿದು, ಕೆಂಪು ಕಡ್ಡಿಯನ್ನು ಎರಡಕ್ಕೂ ಮೂರಕ್ಕೂ ತಾಗಿಸಿ ನೋಡುತ್ತೇನೆ. ಯಾವ ಪಿನ್ನಿನಲ್ಲಿ ಮೈನಸ್ ವೋಲ್ಟೇಜ್ ಕಾಣುತ್ತದೋ ಯಂತ್ರ ಮಾತನಾಡುವುದು ಅಲ್ಲಿಂದ. ಏಕೆಂದರೆ ಆರ್‌ಎಸ್-232ರಲ್ಲಿ ಸುಮ್ಮನಿರುವ ತಂತಿ ಮೈನಸ್ 3ರಿಂದ ಮೈನಸ್ 15 ವೋಲ್ಟ್‌ ನಡುವೆ ನಿಂತಿರುತ್ತದೆ. ತೂಕ ಓದಲು ಆ ಪಿನ್ ಮತ್ತು ಗ್ರೌಂಡ್, ಎರಡೇ ತಂತಿ ಸಾಕು.

ಯುಎಸ್‌ಬಿ ಪರಿವರ್ತಕ ಹಾಕಿ, ಒಂದು ಸಾಲು ಕೋಡ್ ಬರೆಯುವ ಮೊದಲು ಟರ್ಮಿನಲ್ ತಂತ್ರಾಂಶದಲ್ಲಿ ಯಂತ್ರ ಏನು ಕಳಿಸುತ್ತದೆಂದು ನೋಡಿದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಬರೀ ಕಸ ಬಂತು. 2400ಕ್ಕೆ ಇಳಿಸಿದಾಗ ಅಂಕಿಗಳು ತಿಳಿಯಾದವು. ಸೆಕೆಂಡಿಗೆ ಹಲವು ಸಲ, ಸಾಲಿನ ಮೇಲೆ ಸಾಲು.

ಬ್ರೌಸರ್ ಬದಿಗೆ ವೆಬ್ ಸೀರಿಯಲ್ ಬಳಸಿದೆ. ವೆಬ್ ಪುಟವೇ ಇಂಥ ಪೋರ್ಟನ್ನು ನೇರವಾಗಿ ಓದಲು ಬಿಡುವ, 2021ರಲ್ಲಿ ಕ್ರೋಮ್ 89ರ ಜೊತೆ ಬಂದ ಸೌಲಭ್ಯ ಇದು. ಪುಟ ಸುರಕ್ಷಿತವಾದ ಎಚ್‌ಟಿಟಿಪಿಎಸ್ ವಿಳಾಸದಲ್ಲಿರಬೇಕು ಇಲ್ಲವೇ ಲೋಕಲ್‌ಹೋಸ್ಟ್, ಅಂದರೆ ಅದೇ ಕಂಪ್ಯೂಟರಿನಿಂದ ಬಂದದ್ದು ಆಗಿರಬೇಕು. ಮೊದಲ ಸಲ ಬಳಕೆದಾರರೇ ಗುಂಡಿ ಒತ್ತಿ ಪೋರ್ಟ್ ಆರಿಸಬೇಕು. ಹಾಗೆ ಒಮ್ಮೆ ಅನುಮತಿ ಪಡೆದ ಪೋರ್ಟನ್ನು ಮರುದಿನ ಪುಟವೇ ಹುಡುಕಿಕೊಳ್ಳುವಂತೆ ಮಾಡಿದ್ದೇನೆ.

ಇಲ್ಲಿ ಎಚ್ಚರ ಬೇಕಾದ ಜಾಗವೊಂದಿದೆ. ದತ್ತಾಂಶ ಸಾಲು ಸಾಲಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. 65.20 ಎಂಬುದು ಒಮ್ಮೆ ‘6’ ಆಗಿ, ಹಿಂದೆಯೇ ‘5.20’ ಆಗಿ ಬರಬಹುದು. ಬಂದದ್ದನ್ನು ಬಂದಂತೆ ಓದಿದರೆ ಅರವತ್ತೈದು ಕಿಲೋ ಚೀಲ ಐದು ಕಿಲೋ ಆಗುತ್ತದೆ. ಸಾಲು ಮುಗಿದ ಗುರುತು ಸಿಗುವವರೆಗೆ ಕೂಡಿಟ್ಟುಕೊಂಡು, ಆಮೇಲಷ್ಟೇ ಅಂಕಿಯಾಗಿ ಓದಬೇಕು.

ಅದಕ್ಕಿಂತ ಕಷ್ಟದ್ದು ಯಾವ ತೂಕವನ್ನು ನಂಬುವುದೆಂಬುದು. ಹಮಾಲರು ಚೀಲ ಇಳಿಸಿದ ಕ್ಷಣ ಅಂಕಿ ಮೇಲಕ್ಕೆ ಜಿಗಿದು ಕೆಳಗಿಳಿಯುತ್ತದೆ. ಕೆಲವು ಯಂತ್ರಗಳು ತೂಕ ನಿಂತಾಗ ‘ಎಸ್‌ಟಿ’, ಓಲಾಡುವಾಗ ‘ಯುಎಸ್’ ಎಂದು ಸಾಲಿನಲ್ಲೇ ಕಳಿಸುತ್ತವೆ. ಈ ಯಂತ್ರ ಬರೀ ಅಂಕಿ ಕಳಿಸುತ್ತಿತ್ತು. ಹಾಗಾಗಿ ಎರಡು ನಿಯಮ ಇಟ್ಟೆ. ಒಂದೇ ಅಂಕಿ ಎರಡು ಸೆಕೆಂಡು ಅಲುಗದೆ ನಿಂತರೆ ಮಾತ್ರ ಸ್ವೀಕರಿಸಬೇಕು. ಯಂತ್ರ ಸೊನ್ನೆಗೆ ಮರಳದೆ ಮುಂದಿನ ಚೀಲವನ್ನು ಲೆಕ್ಕಕ್ಕೆ ಹಿಡಿಯಬಾರದು. ಎರಡನೆಯ ನಿಯಮವಿಲ್ಲದಿದ್ದರೆ ಒಂದೇ ಚೀಲ ಎರಡು ಸಲ ಬಿಲ್ಲಿಗೆ ಹೋಗಿಬಿಡುತ್ತದೆ. ಈ ಕೆಲಸದ ತಿರುಳೆಲ್ಲ ಇರುವುದು ಈ ಎರಡು ನಿಯಮಗಳಲ್ಲೇ ಎಂದು ನನಗೆ ಅನ್ನಿಸುತ್ತದೆ.

ಬಿಲ್ಲು ಕನ್ನಡದಲ್ಲೇ ಬರಬೇಕೆಂದು ನಾನೇ ಹಟ ಹಿಡಿದಿದ್ದೆ. ಅಡಿಕೆಯ ಬಗೆಗಳನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಕರೆದು ಮಾತನಾಡುವವರ ಕೈಗೆ ಇಂಗ್ಲಿಷ್ ಚೀಟಿ ಏಕೆ ಕೊಡಬೇಕು? ಆದರೆ ಅಲ್ಲಿದ್ದ ಥರ್ಮಲ್ ಪ್ರಿಂಟರಿಗೆ ಕನ್ನಡ ಅಕ್ಷರಗಳೇ ಗೊತ್ತಿರಲಿಲ್ಲ. ಇಡೀ ಬಿಲ್ಲನ್ನು ಕ್ಯಾನ್ವಾಸ್ ಮೇಲೆ, ಅಂದರೆ ಬ್ರೌಸರಿನಲ್ಲಿ ಚಿತ್ರ ಬಿಡಿಸುವ ಜಾಗದಲ್ಲಿ ಬರೆದು, 576 ಚುಕ್ಕೆ ಅಗಲದ ಕಪ್ಪು-ಬಿಳುಪು ಚಿತ್ರವಾಗಿ ಕಳಿಸಿದೆ. ತೆಳು ಗೆರೆಯ ಫಾಂಟ್‌ನಲ್ಲಿ ಒತ್ತಕ್ಷರಗಳು ಹರಿದುಹೋಗುತ್ತವೆ. ದಪ್ಪ ಅಕ್ಷರವೇ ಬೇಕು. ವಿಂಡೋಸ್‌ನಲ್ಲಿ ಪ್ರಿಂಟರನ್ನು ಅದರ ಡ್ರೈವರ್ ಹಿಡಿದುಕೊಂಡಿರುವುದರಿಂದ ಬ್ರೌಸರ್ ಅದನ್ನು ನೇರವಾಗಿ ಮುಟ್ಟಲಾರದು. ಅದಕ್ಕಾಗಿ ಅದೇ ಕಂಪ್ಯೂಟರಿನಲ್ಲಿ ಓಡುವ ಚಿಕ್ಕ ತಂತ್ರಾಂಶವೊಂದನ್ನು ಬರೆದೆ. ಅದು 127.0.0.1ರಲ್ಲಿ, ಅಂದರೆ ಅದೇ ಕಂಪ್ಯೂಟರಿನೊಳಗಿನ ವಿಳಾಸದಲ್ಲಿ ಮಾತ್ರ ಕಿವಿಗೊಡುತ್ತದೆ, ನಮ್ಮ ಪುಟದಿಂದ ಬಂದ ಕೋರಿಕೆಯನ್ನಷ್ಟೇ ಪ್ರಿಂಟರಿಗೆ ದಾಟಿಸುತ್ತದೆ.

ಮಲೆನಾಡಿನಲ್ಲಿ ಈ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಅಂಗಳದ ಯಂತ್ರದಿಂದ ಕೋಣೆಯ ಕಂಪ್ಯೂಟರಿಗೆ ಎಳೆದ ತಂತಿಯೇ ಅಪಾಯ. ಆಪ್ಟೋ-ಐಸೊಲೇಷನ್ (ಎರಡು ಬದಿಗಳ ನಡುವೆ ವಿದ್ಯುತ್ ಸಂಪರ್ಕವಿಲ್ಲದೆ ಬೆಳಕಿನಿಂದ ಸಂಕೇತ ದಾಟಿಸುವ ವ್ಯವಸ್ಥೆ) ಇರುವ ಪರಿವರ್ತಕಕ್ಕೆ ದುಡ್ಡು ಹೆಚ್ಚು, ಆದರೂ ಅದನ್ನೇ ಹಾಕಿಸಿ. ಹತ್ತಿರದ ಸಿಡಿಲಿನ ಆಘಾತ ತಂತಿಗುಂಟ ಕಂಪ್ಯೂಟರಿಗೆ ದಾಟುವ ಸಾಧ್ಯತೆಯನ್ನು ಅದು ಬಹಳಷ್ಟು ತಗ್ಗಿಸುತ್ತದೆ. ತಂತಿ 15 ಮೀಟರ್ ಮೀರುವುದಾದರೆ ಹೆಚ್ಚು ದೂರಕ್ಕೂ ಸಂಕೇತ ಕೊಂಡೊಯ್ಯುವ ಆರ್‌ಎಸ್-485ಕ್ಕೆ ಹೋಗುವುದು ಒಳ್ಳೆಯದು.

ತಂತಿ ಕೈಕೊಟ್ಟ ದಿನಕ್ಕೆಂದು ತೂಕವನ್ನು ಕೈಯಿಂದ ತುಂಬುವ ಅವಕಾಶವನ್ನೂ ಉಳಿಸಿದ್ದೇನೆ. ಆದರೆ ಹಾಗೆ ತುಂಬಿದ ಪ್ರತಿ ಸಾಲಿನ ಪಕ್ಕದಲ್ಲಿ ‘ಕೈಯಿಂದ ನಮೂದಿಸಿದ್ದು’ ಎಂದು ಅಚ್ಚಾಗುತ್ತದೆ. “ಅದೊಂದು ಬೇಡ ಮಾರಾಯರೇ, ನೋಡಿದವರು ಏನು ತಿಳಿದುಕೊಂಡಾರು?” ಎಂದರು ಮಂಡಿಯ ಯಜಮಾನರು. ಬೆಳೆಗಾರರಿಗೆ ಅದು ಗೊತ್ತಾಗಲೇಬೇಕು, ಅದನ್ನು ತೆಗೆಯುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಚರ್ಚೆಯಾದ ಮೇಲೆ ಒಪ್ಪಿಕೊಂಡರು.